ಪ್ರಾಚೀನ ಕಾಲದ ನಗೆ ಕಾಮಿಕ್ಸ್: ಪೂರ್ತಿ ರುಚಿ ಸಿಗುವ ಹಾಗೆ ಓದುವುದು ಹೇಗೆ?

ಒಂದು ಗುದ್ದು ಬೀಳುತ್ತದೆ. ರೋಮನ್ ಸೈನಿಕ ಆಕಾಶಕ್ಕೆ ಹಾರುತ್ತಾನೆ. ಅವನ ಚಪ್ಪಲಿಗಳು ಮಾತ್ರ ನೆಲದಲ್ಲೇ ಉಳಿಯುತ್ತವೆ. ಆಸ್ಟೆರಿಕ್ಸ್ ಕಾಮಿಕ್ಸ್ ಓದಿದವರಿಗೆಲ್ಲ ಈ ಚಿತ್ರ ಗೊತ್ತು. ಇದಕ್ಕೆ ಚಿಕ್ಕ ಮಗುವೂ ನಗುತ್ತದೆ, ಇತಿಹಾಸ ಕಲಿಸುವ ಮೇಷ್ಟ್ರೂ ನಗುತ್ತಾರೆ. ಮಗುವಿಗೆ ಗುದ್ದು ಕಂಡರೆ ಸಾಕು. ಮೇಷ್ಟ್ರಿಗೆ ಇನ್ನೊಂದು ವಿಷಯವೂ ಗೊತ್ತು: ಹೀಗೆ ಚಪ್ಪಲಿ ಬಿಟ್ಟು ಹಾರುತ್ತಿರುವುದು ಆ ಕಾಲದ ಅತಿ ಶಿಸ್ತಿನ ಸೈನ್ಯ. ಹಾಗಾಗಿ ಅವರ ನಗು ಸ್ವಲ್ಪ ಜಾಸ್ತಿ ಹೊತ್ತು ಉಳಿಯುತ್ತದೆ.

ಆ ಎರಡನೇ ನಗುವನ್ನು ಯಾರು ಬೇಕಾದರೂ ಕಲಿಯಬಹುದು. ಅದಕ್ಕೆ ಇತಿಹಾಸದ ಪದವಿ ಬೇಡ. ಓದುವ ರೀತಿ ಸ್ವಲ್ಪ ಬದಲಾದರೆ ಸಾಕು. ಈ ಬರಹ ಅದರ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನ ಎಲ್ಲ ಹಂತಗಳೂ ಅದರ ಮೇಲೆಯೇ ನಿಂತಿವೆ. ಒಳ್ಳೆಯ ನಗೆ ಕಾಮಿಕ್ಸ್ ಮೊದಲು ಹಳೆಯ ಕಾಲವನ್ನು ತುಂಬ ಶ್ರದ್ಧೆಯಿಂದ ಕಟ್ಟುತ್ತದೆ. ಆಮೇಲೆ ಅದರೊಳಗೆ ಈಗಿನ ಜನರನ್ನು ತಂದು ಕೂರಿಸುತ್ತದೆ. ಕೋಟೆ, ಕಂದಕ, ಬಟ್ಟೆ, ಹಡಗು ಎಲ್ಲ ಆಗಿನದು. ಜಂಬ, ದುರಾಸೆ, ನೆರೆಹೊರೆ ಜಗಳ, ಟ್ರಾಫಿಕ್ ಜಾಮ್ ಎಲ್ಲ ಈಗಿನದು. ಹಳೆಯ ಕಾಲವನ್ನು ಬೇಕಾಬಿಟ್ಟಿ ಬರೆದಿದ್ದರೆ ಈ ಎರಡರ ಡಿಕ್ಕಿ ಕಾಣುವುದೇ ಇಲ್ಲ. ಹಿನ್ನೆಲೆ ಎಷ್ಟು ನಿಜವೋ ನಗು ಅಷ್ಟು ಜೋರು.

ಹಂತ 1: ಮೊದಲ ಪುಸ್ತಕ ಆರಿಸುವುದು

ಉದಾಹರಣೆಗೆ ನಾನು ಹೆಚ್ಚಾಗಿ ಆಸ್ಟೆರಿಕ್ಸನ್ನೇ ಹಿಡಿಯುತ್ತೇನೆ. ಈ ಜಾತಿಯ ಕಾಮಿಕ್ಸ್‌ಗಳಲ್ಲಿ ಅದರಷ್ಟು ತುಂಬಿಕೊಂಡಿರುವುದು ಇನ್ನೊಂದಿಲ್ಲ. ಕಥೆ ಬರೆದವರು ರೆನೆ ಗೊಸಿನ್ನಿ, ಚಿತ್ರ ಬಿಡಿಸಿದವರು ಆಲ್ಬರ್ಟ್ ಉಡೆರ್ಜೊ. 1959ರ ಅಕ್ಟೋಬರ್ 29ರಂದು ಫ್ರಾನ್ಸಿನ 'ಪಿಲೋಟ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಇದು ಶುರುವಾಯಿತು. ಪುಸ್ತಕವಾಗಿ ಬಂದದ್ದು 1961ರಲ್ಲಿ. ಕಥೆ ನಡೆಯುವುದು ಕ್ರಿ.ಪೂ. 50ರಲ್ಲಿ. ಗಾಲ್ ದೇಶವನ್ನೆಲ್ಲ, ಅಂದರೆ ಹೆಚ್ಚುಕಡಿಮೆ ಈಗಿನ ಫ್ರಾನ್ಸನ್ನು, ರೋಮನ್ ಸೇನಾನಿ ಜೂಲಿಯಸ್ ಸೀಸರ್ ಗೆದ್ದಿದ್ದಾನೆ, ಆಸ್ಟೆರಿಕ್ಸ್ ಇರುವ ಒಂದು ಪುಟ್ಟ ಹಳ್ಳಿ ಮಾತ್ರ ಬಗ್ಗಿಲ್ಲ. ಅಲ್ಲಿನ ಪುರೋಹಿತ ಗೆಟಾಫಿಕ್ಸ್ ಕಾಯಿಸುವ ಮಾಂತ್ರಿಕ ಕಷಾಯ ಕುಡಿದರೆ ಯಾರಿಗಾದರೂ ಅಸಾಧ್ಯ ಶಕ್ತಿ ಬರುತ್ತದೆ.

ಮೊದಲ ಪುಸ್ತಕದಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಬೇಡ ಅಂತಲೇ ಹೇಳುತ್ತೇನೆ. ಅದರಲ್ಲಿ ಚಿತ್ರಗಳು ಇನ್ನೂ ಪಳಗಿಲ್ಲ, ಆಸ್ಟೆರಿಕ್ಸ್‌ನ ಗೆಳೆಯ ಓಬೆಲಿಕ್ಸ್ ಬರೀ ಬದಿಯ ಪಾತ್ರ. ಪುಟ್ಟ ನಾಯಿ ಡಾಗ್ಮ್ಯಾಟಿಕ್ಸ್ ಬರುವುದೇ ಐದನೇ ಪುಸ್ತಕದಲ್ಲಿ. ಪ್ರತಿ ಪುಸ್ತಕವೂ ಬಿಡಿ ಕಥೆ, ಹಾಗಾಗಿ ಕ್ರಮ ತಪ್ಪಿದರೆ ಏನೂ ಕಳೆದುಕೊಳ್ಳುವುದಿಲ್ಲ. ಕ್ಲಿಯೋಪಾತ್ರಾ ಕಥೆ (1965) ಅಥವಾ ಬ್ರಿಟನ್ ಪ್ರವಾಸದ ಕಥೆ (1966) ಒಳ್ಳೆಯ ಬಾಗಿಲು. ಕ್ಲಿಯೋಪಾತ್ರಾ ಯಾರು, ಬ್ರಿಟಿಷರ ಟೀ ಏನು ಅಂತ ಎಲ್ಲರಿಗೂ ಗೊತ್ತಿರುವುದರಿಂದ ನಗುವಿಗೆ ಬೇಕಾದ ಹಿನ್ನೆಲೆ ಆಗಲೇ ನಿಮ್ಮ ಹತ್ತಿರ ಇರುತ್ತದೆ.

ಇನ್ನೊಂದು ಸಲಹೆ. ಗೊಸಿನ್ನಿ 1977ರಲ್ಲಿ ತೀರಿಕೊಂಡರು. ಅವರು ಬರೆದ ಕಥೆಗಳು 24. ಆಮೇಲೆ ಉಡೆರ್ಜೊ ಒಬ್ಬರೇ ಮುಂದುವರಿಸಿದರು, 2013ರಿಂದ ಬೇರೆಯವರು ಬರೆಯುತ್ತಿದ್ದಾರೆ. ಚಿತ್ರ ಕೊನೆಯವರೆಗೂ ಚೆನ್ನಾಗಿದೆ. ಮಾತಿನ ಹರಿತ ಮಾತ್ರ ಆ 24ರಲ್ಲೇ ಜಾಸ್ತಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಅವನ್ನು ಓದಿ.

ಸಾಧ್ಯವಾದರೆ ದೊಡ್ಡ ಅಳತೆಯ ಅಚ್ಚಾದ ಪುಸ್ತಕವನ್ನೇ ಹಿಡಿಯಿರಿ. ಫೋನಿನಲ್ಲಿ ಒಂದೊಂದೇ ಚೌಕಟ್ಟು ದೊಡ್ಡದು ಮಾಡಿ ಓದಿದರೆ ಇಡೀ ಪುಟದ ಜೋಡಣೆ ಕೈತಪ್ಪುತ್ತದೆ. ಮುಂದೆ ಹೇಳುವ ಅರ್ಧ ವಿಷಯ ಆ ಜೋಡಣೆಯಲ್ಲೇ ಇದೆ.

ಹಂತ 2: ಮೊದಲ ಓದು ಸುಮ್ನೆ ಓದು

ನಿಲ್ಲಿಸದೆ ಓದಿ. ಅರ್ಥವಾಗದ ಹೆಸರು ಬಂದರೆ ಬಿಡಿ, ಲ್ಯಾಟಿನ್ ಮಾತು ಬಂದರೆ ದಾಟಿ. ಮಧ್ಯದಲ್ಲಿ ಹುಡುಕಾಟಕ್ಕೆ ಇಳಿದರೆ ಕಥೆಯ ಓಟ ಮುರಿಯುತ್ತದೆ, ನಗುವಿಗೆ ಓಟವೇ ಜೀವ. ಎಲ್ಲಿ ನಕ್ಕಿರಿ, ಎಲ್ಲಿ 'ಇಲ್ಲೇನೋ ಇದೆ, ನನಗೆ ಗೊತ್ತಾಗಲಿಲ್ಲ' ಅನ್ನಿಸಿತು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಆ ಎರಡನೇ ಜಾಗಗಳು ನಿಮ್ಮ ಮುಂದಿನ ಓದಿಗೆ ದಾರಿ ತೋರಿಸುತ್ತವೆ.

ಹಂತ 3: ಮತ್ತೆ ಮತ್ತೆ ಬರುವುದನ್ನು ಗುರುತಿಸುವುದು

ಎರಡು ಮೂರು ಪುಸ್ತಕ ಆದ ಮೇಲೆ ಕೆಲವು ಸಂಗತಿಗಳು ಎಲ್ಲದರಲ್ಲೂ ಇವೆ ಅಂತ ತಿಳಿಯುತ್ತದೆ. ಮೊದಲ ಪುಟದಲ್ಲಿ ನಕ್ಷೆ, ಅದರ ಮೇಲೊಂದು ಭೂತಗನ್ನಡಿ. ಕಡಲಿಗೆ ಇಳಿದರೆ ಕಡಲುಗಳ್ಳರು ಸಿಗುತ್ತಾರೆ, ಅವರ ಹಡಗು ಮುಳುಗುತ್ತದೆ. ಹಾಡುಗಾರ ಕ್ಯಾಕಫೋನಿಕ್ಸ್ ಬಾಯಿ ತೆರೆದರೆ ಊರೇ ಎದುರು ನಿಲ್ಲುತ್ತದೆ. ಮೀನು ಮಾರುವವನ ಮೀನು ಹಳಸಿದೆ ಅಂತ ಕಮ್ಮಾರ ಹೇಳುತ್ತಾನೆ, ಅಲ್ಲಿಂದ ಇಡೀ ಊರಿನ ಹೊಡೆದಾಟ. ಕೊನೆಯಲ್ಲಿ ನಕ್ಷತ್ರಗಳ ಕೆಳಗೆ ಔತಣ, ಹಾಡುಗಾರನ ಬಾಯಿಗೆ ಬಟ್ಟೆ.

ಇಲ್ಲಿ ನಗು ಬರುವುದು ಆಶ್ಚರ್ಯದಿಂದ ಅಲ್ಲ, ಕಾಯುವುದರಿಂದ. 'ಈ ಸಲ ಹೇಗೆ ಮುಳುಗುತ್ತಾರೆ?' ಅಂತ ನೀವು ಕಾಯುತ್ತೀರಿ. ಬರೆಯುವವರಿಗೂ ಅದು ಗೊತ್ತು. ಹಾಗಾಗಿ ಪ್ರತಿ ಸಲ ಒಂದು ಸಣ್ಣ ತಿರುವು ಕೊಡುತ್ತಾರೆ. ಒಮ್ಮೆ ಆಸ್ಟೆರಿಕ್ಸ್ ಇರುವ ಹಡಗನ್ನು ನೋಡಿದ್ದೇ ತಡ, ಕಡಲುಗಳ್ಳರು ಏಟು ತಪ್ಪಿಸಿಕೊಳ್ಳಲು ತಮ್ಮ ಹಡಗನ್ನು ತಾವೇ ಮುಳುಗಿಸಿಕೊಳ್ಳುತ್ತಾರೆ! ಅಂದಹಾಗೆ ಈ ಕಡಲುಗಳ್ಳರ ಕೆಂಪು ಗಡ್ಡದ ನಾಯಕ ಅದೇ ಪಿಲೋಟ್ ಪತ್ರಿಕೆಯಲ್ಲಿ ಬರುತ್ತಿದ್ದ ಇನ್ನೊಂದು ಸಾಹಸ ಕಥೆಯ ನಾಯಕನ ಅಣಕು. ಆಗಿನ ಓದುಗರು ಅಸಲಿಯನ್ನೂ ಅಣಕನ್ನೂ ಒಂದೇ ಸಂಚಿಕೆಯಲ್ಲಿ ನೋಡುತ್ತಿದ್ದರು.

ಮೊದಲ ಸಾಲನ್ನೂ ಗಮನಿಸಿ. 'ಗಾಲ್ ಪೂರ್ತಿ ರೋಮನ್ನರ ವಶದಲ್ಲಿದೆ. ಪೂರ್ತಿಯೇ? ಇಲ್ಲ!' ಎಂಬ ಅರ್ಥದ ಮಾತು ಪ್ರತಿ ಕಥೆಗೂ ಮುನ್ನುಡಿ. ಸೀಸರ್ ತಾನೇ ಬರೆದ ಗಾಲ್ ಯುದ್ಧದ ಪುಸ್ತಕ 'ಗಾಲ್ ಪೂರ್ತಿ ಮೂರು ಭಾಗವಾಗಿದೆ' ಎಂದು ಶುರುವಾಗುತ್ತದೆ. ಲ್ಯಾಟಿನ್ ತರಗತಿಯಲ್ಲಿ ಆ ಸಾಲನ್ನು ಉರುಹೊಡೆದ ಮಕ್ಕಳಿಗೆ ಈ 'ಇಲ್ಲ!' ಎಷ್ಟು ಖುಷಿ ಕೊಟ್ಟಿರಬೇಡ? ಸೀಸರ್ ತನ್ನ ಪುಸ್ತಕದಲ್ಲಿ 'ನಾನು' ಎನ್ನುವುದಿಲ್ಲ, 'ಸೀಸರ್ ಹೀಗೆ ಮಾಡಿದ' ಎನ್ನುತ್ತಾನೆ. ಕಾಮಿಕ್ಸ್‌ನಲ್ಲೂ ಅವನು ತನ್ನ ಬಗ್ಗೆ ಹಾಗೆಯೇ ಮಾತಾಡುತ್ತಾನೆ.

ಹಂತ 4: ಮಾತು ಮುಚ್ಚಿ ಚಿತ್ರ ಓದುವುದು

ಈಗ ಎರಡನೇ ಓದು. ಒಂದು ಪುಟ ತೆಗೆದು ಮಾತಿನ ಗುಳ್ಳೆಗಳನ್ನು ಕೈಯಿಂದ ಮುಚ್ಚಿ. ಬರೀ ಚಿತ್ರ ನೋಡಿ. ಮುಂದೆ ನಿಂತ ಇಬ್ಬರು ಮಾತಾಡುತ್ತಿರುವಾಗ ಹಿಂದೆ ಯಾರು ಏನು ಮಾಡುತ್ತಿದ್ದಾರೆ? ನಾಯಿ ಎಲ್ಲಿದೆ? ಕಾವಲುಗಾರನ ಮುಖ ಹೇಗಿದೆ? ಉಡೆರ್ಜೊ ಒಂದು ಸಂತೆ ಬಿಡಿಸಿದರೆ ಅಲ್ಲಿ ಸುಮ್ಮನೆ ನಿಂತವರು ಯಾರೂ ಇರುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಕೆಲಸ, ಒಂದು ತಲೆನೋವು ಇರುತ್ತದೆ.

ದೊಡ್ಡ ಚಿತ್ರಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ಕಥೆಯಲ್ಲಿ ಹೊಸ ಊರು ಬಂದಾಗ ಸಾಮಾನ್ಯವಾಗಿ ಅರ್ಧ ಪುಟದ ಒಂದು ಚಿತ್ರ ಬರುತ್ತದೆ. ರೋಮ್, ಅಲೆಕ್ಸಾಂಡ್ರಿಯಾ, ಸೈನಿಕ ಶಿಬಿರ ಹೀಗೆ. ಶಿಬಿರವನ್ನೇ ತೆಗೆದುಕೊಳ್ಳಿ. ಸುತ್ತ ಕಂದಕ, ಅದರ ಮಣ್ಣಿನಿಂದ ಎಬ್ಬಿಸಿದ ದಿಬ್ಬ, ಮೇಲೆ ಮರದ ಗೂಟಗಳ ಬೇಲಿ, ಒಳಗೆ ಸಾಲಾಗಿ ಡೇರೆಗಳು. ರೋಮನ್ ಸೈನ್ಯ ನಿಜವಾಗಿಯೂ ಹೀಗೆಯೇ ಶಿಬಿರ ಹಾಕುತ್ತಿತ್ತು. ಗುರಾಣಿಗಳನ್ನು ತಲೆಯ ಮೇಲೂ ಪಕ್ಕದಲ್ಲೂ ಒತ್ತಾಗಿ ಹಿಡಿದು ಆಮೆಯ ಹಾಗೆ ಮುಂದುವರಿಯುವ ವ್ಯೂಹವೂ ನಿಜವೇ. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಶಿಬಿರ ಮುಂದಿನ ಪುಟದಲ್ಲಿ ಚೂರಾಗುತ್ತದೆ ಅಂತ ನಮಗೆ ಗೊತ್ತು. ಅಚ್ಚುಕಟ್ಟು ಇದ್ದುದಕ್ಕೇ ಆ ಚೂರುಗಳಲ್ಲಿ ತಮಾಷೆ ಇದೆ.

ಆಮೇಲೆ ಅಡಗಿಸಿಟ್ಟ ಚಿತ್ರಗಳನ್ನು ಹುಡುಕಿ. ಆಸ್ಟೆರಿಕ್ಸ್ ರೋಮನ್ ಸೈನ್ಯ ಸೇರುವ ಕಥೆಯಲ್ಲಿ (1967) ಕಡಲುಗಳ್ಳರು ಹಡಗು ಕಳೆದುಕೊಂಡು ತೆಪ್ಪದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಅದು ಚಿತ್ರಕಾರ ಥಿಯೊಡೋರ್ ಜೆರಿಕೊ 1819ರಲ್ಲಿ ಮುಗಿಸಿದ 'ಮೆಡೂಸಾ ತೆಪ್ಪ' ಎಂಬ ಬೃಹತ್ ಚಿತ್ರದ ತದ್ರೂಪು. ಅಸಲಿ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರು ಯಾರ ಜಾಗದಲ್ಲಿ ಬಿದ್ದಿದ್ದಾರೆ ನೋಡಿ. ಬ್ರಿಟನ್ ಕಥೆಯಲ್ಲಿ ಹುಡುಗಿಯರು ಮುತ್ತಿಕೊಂಡ ನಾಲ್ವರು ಹಾಡುಗಾರರು ಬರುತ್ತಾರೆ. ಕೂದಲು ನೋಡಿದರೆ ಸಾಕು, ಬೀಟಲ್ಸ್ ಅಂತ ಗೊತ್ತಾಗುತ್ತದೆ. ಪುಸ್ತಕ ಬಂದದ್ದು 1966, ಅಂದರೆ ಬೀಟಲ್ಸ್ ಹುಚ್ಚು ನೆತ್ತಿಗೇರಿದ್ದ ಕಾಲ.

ಅಕ್ಷರಗಳೂ ಚಿತ್ರಗಳೇ ಅನ್ನುವುದನ್ನು ಮರೆಯಬೇಡಿ. ಗೋಥರು (ಕಥೆಯಲ್ಲಿ ಜರ್ಮನ್ನರ ಪ್ರತಿನಿಧಿಗಳು) ಮಾತಾಡಿದರೆ ಗುಳ್ಳೆಯೊಳಗೆ ಹಳೆಯ ಜರ್ಮನ್ ಅಚ್ಚಿನ ಕೋನ ಕೋನದ ಅಕ್ಷರ. ಈಜಿಪ್ಟಿನವರು ಮಾತಾಡಿದರೆ ಚಿತ್ರಲಿಪಿ. ಊರಲ್ಲಿ ಜಗಳ ಹಚ್ಚಲು ಬಂದ ರೋಮನ್ ಗೂಢಚಾರನ ಕಥೆಯಲ್ಲಿ (1970) ಯಾರಿಗೆ ಅಸೂಯೆ ಹತ್ತಿದೆಯೋ ಅವರ ಮಾತಿನ ಗುಳ್ಳೆ ಹಸಿರಾಗುತ್ತಾ ಹೋಗುತ್ತದೆ. ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ಹಸಿರು ಹೇಗೆ ದಾಟುತ್ತದೆ ಅಂತ ಬೆರಳಿಟ್ಟು ಹಿಂಬಾಲಿಸಿ. ಕಾದಂಬರಿಯಲ್ಲೂ ಸಿನಿಮಾದಲ್ಲೂ ಇದನ್ನು ಹೀಗೆ ಮಾಡಲು ಆಗುವುದಿಲ್ಲ. ಕಾಮಿಕ್ಸ್‌ಗೆ ಮಾತ್ರ ಸಾಧ್ಯವಾದ ನಗು ಇದು.

ಹಂತ 5: ಎರಡು ಕಾಲವನ್ನು ಬೇರೆ ಮಾಡುವುದು

ಇದು ಎಲ್ಲಕ್ಕಿಂತ ಮುಖ್ಯ ಹಂತ. ಒಂದು ಹಾಳೆಯ ಮೇಲೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ 'ಆಗಿನದು', ಬಲಕ್ಕೆ 'ಈಗಿನದು'. ನಕ್ಕ ಪ್ರತಿ ಜಾಗದಲ್ಲೂ ಕೇಳಿಕೊಳ್ಳಿ: ಇಲ್ಲಿ ಯಾವ ಹಳೆಯದಕ್ಕೆ ಯಾವ ಹೊಸದು ತಗುಲಿದೆ?

ಬ್ರಿಟನ್ ಕಥೆಯಲ್ಲಿ ಸುಲಭವಾಗಿ ಸಿಗುತ್ತದೆ. ಬ್ರಿಟನ್ನರು ಸಂಜೆ ಐದಕ್ಕೆ ಯುದ್ಧ ನಿಲ್ಲಿಸಿ ಹಾಲು ಬೆರೆಸಿದ ಬಿಸಿನೀರು ಕುಡಿಯುತ್ತಾರೆ. ವಾರದ ಕೊನೆಯ ಎರಡು ದಿನ ಯುದ್ಧಕ್ಕೆ ರಜೆ. ಸೀಸರ್ ಇದನ್ನು ಗಮನಿಸಿ ಸಂಜೆ ಐದಕ್ಕೆ ಮತ್ತು ವಾರಾಂತ್ಯದಲ್ಲಿ ಮಾತ್ರ ದಾಳಿ ಮಾಡಿ ಗೆಲ್ಲುತ್ತಾನೆ. ಎಡಕ್ಕೆ ಸೀಸರನ ದಾಳಿ, ಬಲಕ್ಕೆ ಟೀ ಮತ್ತು ವೀಕೆಂಡ್. ಸಮುದ್ರದಡಿ ಸುರಂಗ ತೋಡುವ ಮಾತೂ ಅದರಲ್ಲಿ ಬರುತ್ತದೆ. ಆಗ ಅದು ಬರೀ ತಮಾಷೆ. ಫ್ರಾನ್ಸ್‌ಗೂ ಇಂಗ್ಲೆಂಡಿಗೂ ನಡುವೆ ನಿಜವಾದ ಸುರಂಗ ತೆರೆದದ್ದು 1994ರಲ್ಲಿ.

ಕೆಲವು ಕಥೆಗಳಲ್ಲಿ ಬಲಗಡೆಯ ಪಟ್ಟಿ ಇನ್ನೂ ಆಳ. ಸೀಸರ್ ಹಳ್ಳಿಯ ಸುತ್ತಲ ಕಾಡು ಕಡಿದು ಐಷಾರಾಮಿ ವಸತಿ ಸಮುಚ್ಚಯ ಕಟ್ಟಿಸಲು ಹೊರಡುವ ಕಥೆ ಒಂದಿದೆ (1971). ಯುದ್ಧದಲ್ಲಿ ಸೋಲದವರನ್ನು ನೆರೆಹೊರೆಯ ಸೌಖ್ಯ ತೋರಿಸಿ ಕರಗಿಸುವುದು ಅವನ ಲೆಕ್ಕ. ರೋಮನ್ ಗೃಹಿಣಿಯರು ಹಳ್ಳಿಗೆ ಮೀನು ಕೊಳ್ಳಲು ಬರುತ್ತಾರೆ. ಬೆಲೆ ಏರುತ್ತದೆ. ನೋಡನೋಡುತ್ತಿದ್ದಂತೆ ಊರಿನವರೆಲ್ಲ ಅಂಗಡಿ ಇಡುತ್ತಾರೆ. ಆ ವರ್ಷಗಳಲ್ಲಿ ಫ್ರಾನ್ಸಿನ ನಗರಗಳ ಸುತ್ತ ಇಂಥದ್ದೇ ದೊಡ್ಡ ವಸತಿ ಸಮುಚ್ಚಯಗಳು ಏಳುತ್ತಿದ್ದವು. ಓದುವವರಿಗೆ ಎದುರು ರಸ್ತೆಯಲ್ಲಿ ನಡೆಯುತ್ತಿದ್ದುದೇ ಪುಸ್ತಕದಲ್ಲಿತ್ತು.

ನನಗೆ ಇವೆಲ್ಲದರಲ್ಲಿ ಅತಿ ಪ್ರಿಯವಾದದ್ದು 1976ರಲ್ಲಿ ಬಂದ 'ಓಬೆಲಿಕ್ಸ್ ಆಂಡ್ ಕೋ'. ರೋಮ್‌ನಲ್ಲಿ ಹೊಸದಾಗಿ ಅರ್ಥಶಾಸ್ತ್ರ ಓದಿದ ಒಬ್ಬ ಯುವಕ ಬರುತ್ತಾನೆ. ಓಬೆಲಿಕ್ಸ್ ಕೆತ್ತುವ ನಿಲುಗಲ್ಲುಗಳನ್ನು ಹೆಚ್ಚು ಹೆಚ್ಚು ಬೆಲೆಗೆ ಕೊಳ್ಳುತ್ತಾ ಹೋಗುತ್ತಾನೆ. ನಿಲುಗಲ್ಲಿನಿಂದ ಯಾರಿಗೂ ಏನೂ ಉಪಯೋಗವಿಲ್ಲ, ಅದು ಕೊಳ್ಳುವವನಿಗೂ ಗೊತ್ತು. ಓಬೆಲಿಕ್ಸ್‌ಗೆ ಕೆಲಸ ಜಾಸ್ತಿಯಾಗುತ್ತದೆ. ತನ್ನ ಬದಲು ಕಾಡುಹಂದಿ ಬೇಟೆಯಾಡಲು ಜನ ಇಟ್ಟುಕೊಳ್ಳುತ್ತಾನೆ. ಹೆಂಡತಿಯರ ಒತ್ತಾಯಕ್ಕೆ ಉಳಿದ ಗಂಡಸರೂ ಕಲ್ಲು ಕೆತ್ತಲು ಕೂರುತ್ತಾರೆ. ಸ್ನೇಹಿತರ ನಡುವೆ ಮಾತು ನಿಲ್ಲುತ್ತದೆ. ಅತ್ತ ರೋಮ್‌ನಲ್ಲಿ ರಾಶಿ ಬಿದ್ದ ಕಲ್ಲನ್ನು ಜನರ ತಲೆಗೆ ಕಟ್ಟಲು ಜಾಹೀರಾತು ಬೇಕಾಗುತ್ತದೆ. ಆ ಯುವಕ ಸೀಸರನಿಗೆ ಫಲಕ, ಚಿತ್ರ ತೋರಿಸಿ ಜನ ಏನನ್ನು ಯಾಕೆ ಕೊಳ್ಳುತ್ತಾರೆ ಅಂತ ವಿವರಿಸುವ ಪುಟಗಳನ್ನು ನಿಧಾನವಾಗಿ ಓದಿ. ಬೇಡಿಕೆ ಹುಟ್ಟಿಸುವುದು, ಅಗ್ಗದ ನಕಲು, ಉದ್ಯೋಗ ಉಳಿಸಿ ಎಂದು ರಸ್ತೆ ತಡೆ, ಕೊನೆಗೆ ನಾಣ್ಯದ ಬೆಲೆ ಕುಸಿತ, ಎಲ್ಲವೂ ಒಂದೇ ಕಥೆಯಲ್ಲಿ. ಇದೇ ಮಾತನ್ನು ಈಗಿನ ಕಂಪನಿಯ ಕಥೆಯಾಗಿ ಬರೆದಿದ್ದರೆ ಉಪದೇಶದ ಹಾಗೆ ಕೇಳಿಸುತ್ತಿತ್ತು. ರೋಮನ್ನರ ನಿಲುವಂಗಿ ಟೋಗಾ ತೊಡಿಸಿದ್ದರಿಂದ ನಮಗೆ ದೂರದಿಂದ ನೋಡಲು ಜಾಗ ಸಿಕ್ಕಿತು. ಪ್ರಾಚೀನ ಕಾಲ ಇಂಥ ನಗೆಗೆ ಇಷ್ಟು ಒಗ್ಗುವುದಕ್ಕೆ ಇದೇ ಕಾರಣ ಅನ್ನಿಸುತ್ತದೆ.

ಪಟ್ಟಿಯ ಬಲಗಡೆ ಖಾಲಿ ಉಳಿದ ಜಾಗಗಳೂ ಇರುತ್ತವೆ. ಅಲ್ಲಿ ನಗು ಬರೀ ಗುದ್ದಾಟದ್ದು. ಅದೂ ಇರಲಿ.

ಹಂತ 6: ಎಷ್ಟು ನಿಜ ಅಂತ ಪರೀಕ್ಷಿಸುವುದು

ಇಲ್ಲಿಂದ ಮುಂದೆ ಓದು ಹುಡುಕಾಟವಾಗುತ್ತದೆ. ಎಡಗಡೆ ಬರೆದ ಪಟ್ಟಿಯಿಂದ ಒಂದೊಂದೇ ವಿಷಯ ಎತ್ತಿಕೊಳ್ಳಿ. 'ಇದು ನಿಜವಾಗಿ ಇತ್ತೇ?' ಅಂತ ನೋಡಿ. ಉತ್ತರಗಳು ಮೂರು ಬಗೆಯಲ್ಲಿ ಬರುತ್ತವೆ.

ಕೆಲವು ನಂಬಲಾಗದಷ್ಟು ನಿಜ. ಹಳ್ಳಿಯ ನಾಯಕ ವೈಟಲ್‌ಸ್ಟ್ಯಾಟಿಸ್ಟಿಕ್ಸ್‌ಗೆ ಒಂದೇ ಭಯ, ಆಕಾಶ ತಲೆ ಮೇಲೆ ಬೀಳಬಹುದು ಅಂತ. ಇದು ಗೊಸಿನ್ನಿ ಕಟ್ಟಿದ್ದಲ್ಲ. ಕ್ರಿ.ಪೂ. 335ರಲ್ಲಿ ಡ್ಯಾನ್ಯೂಬ್ ನದಿಯ ಹತ್ತಿರ ಅಲೆಕ್ಸಾಂಡರ್ ಕೆಲ್ಟರನ್ನು, ಅಂದರೆ ಗಾಲರ ಬಳಗದ ಜನರನ್ನು, ಭೇಟಿಯಾದ. 'ನಿಮಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದರದು?' ಅಂತ ಕೇಳಿದ, ತನ್ನ ಹೆಸರು ಹೇಳುತ್ತಾರೆ ಅಂತ ನಿರೀಕ್ಷಿಸಿ. ಅವರು 'ಆಕಾಶ ನಮ್ಮ ಮೇಲೆ ಬೀಳಬಹುದು, ಅದೊಂದೇ ಭಯ' ಎಂದರಂತೆ. ಪ್ರಾಚೀನ ಗ್ರೀಕ್ ಲೇಖಕರಾದ ಅರಿಯನ್ ಮತ್ತು ಸ್ಟ್ರಾಬೊ ಇಬ್ಬರೂ ಇದನ್ನು ಬರೆದಿಟ್ಟಿದ್ದಾರೆ. ಗೆಟಾಫಿಕ್ಸನ ಚಿನ್ನದ ಕುಡುಗೋಲೂ ಹಾಗೆಯೇ. ಬಿಳಿ ಬಟ್ಟೆಯ ಪುರೋಹಿತರು ಓಕ್ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಬಂದಳಿಕೆ ಕೊಯ್ಯುತ್ತಾರೆ ಅಂತ ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ವಿವರಿಸುತ್ತಾನೆ. ಈ ಪುರೋಹಿತರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ, ಕೆಲವರು ಇಪ್ಪತ್ತು ವರ್ಷ ಬಾಯಿಪಾಠ ಮಾಡುತ್ತಿದ್ದರು ಅಂತ ಸೀಸರನೇ ಬರೆದಿದ್ದಾನೆ. ಕಷಾಯದ ಗುಟ್ಟು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಮಾತ್ರ ಎಂಬ ಕಥೆಯ ನಿಯಮ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ?

ಮೀಸೆಯ ವಿಷಯ ಇನ್ನೂ ಸೊಗಸು. ಗಾಲ್ ದೇಶದ ಗಣ್ಯರು ಕೆನ್ನೆ ಬೋಳಿಸಿ ಮೀಸೆಯನ್ನು ಬಾಯಿ ಮುಚ್ಚುವಷ್ಟು ಬೆಳೆಸುತ್ತಾರೆ, ಊಟ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಕುಡಿಯುವಾಗ ಜರಡಿಯಲ್ಲಿ ಸೋಸಿದ ಹಾಗೆ ಇಳಿಯುತ್ತದೆ ಎಂದು ಗ್ರೀಕ್ ಇತಿಹಾಸಕಾರ ಡಿಯೋಡೋರಸ್ ಬರೆದಿದ್ದಾನೆ. ಎರಡು ಸಾವಿರ ವರ್ಷ ಹಳೆಯ ಈ ಸಾಲನ್ನು ಓದಿ ಮತ್ತೆ ಔತಣದ ಚಿತ್ರ ನೋಡಿ.

ಎರಡನೇ ಬಗೆಯವು ನಿಜವೇ, ಆದರೆ ಬೇರೆ ಕಾಲದವು. ಓಬೆಲಿಕ್ಸ್ ಬೆನ್ನ ಮೇಲೆ ಹೊರುವ ನಿಲುಗಲ್ಲುಗಳು ಅವನ ಊರಿನ ಕಡೆ, ಈಗಿನ ಬ್ರಿಟನಿ ಪ್ರಾಂತ್ಯದಲ್ಲಿ, ಸಾವಿರಗಟ್ಟಲೆ ಇವೆ. ಕಾರ್ನಾಕ್ ಎಂಬಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಲ್ಲುಗಳು ಸಾಲಾಗಿ ನಿಂತಿವೆ. ಆದರೆ ಅವನ್ನು ನಿಲ್ಲಿಸಿದ್ದು ಗಾಲರಿಗಿಂತ ಸಾವಿರಾರು ವರ್ಷ ಮೊದಲು ಇದ್ದ ನವಶಿಲಾಯುಗದ ಜನ. ಕ್ಲಿಯೋಪಾತ್ರಾ ಮತ್ತು ಸೀಸರ್ ಭೇಟಿಯಾದದ್ದು ಕ್ರಿ.ಪೂ. 48ರಲ್ಲಿ, ಕಥೆಯ ವರ್ಷಕ್ಕಿಂತ ಎರಡು ವರ್ಷ ಆಮೇಲೆ. ಸೀಸರ್ ಕ್ರಿ.ಪೂ. 55 ಮತ್ತು 54ರಲ್ಲಿ ಬ್ರಿಟನ್ನಿಗೆ ಹೋದದ್ದು ನಿಜ, ಆದರೆ ಉಳಿಯದೆ ವಾಪಸ್ಸಾದ. ರೋಮನ್ನರು ಬ್ರಿಟನ್ನನ್ನು ಆಳಲು ಶುರು ಮಾಡಿದ್ದು ಕ್ರಿ.ಶ. 43ರಲ್ಲಿ, ಚಕ್ರವರ್ತಿ ಕ್ಲಾಡಿಯಸ್ ಕಾಲದಲ್ಲಿ. ಹಾಗಾಗಿ ಆಸ್ಟೆರಿಕ್ಸ್ ಸುತ್ತಾಡುವ ಲಂಡನ್ ಆಗ ಹುಟ್ಟಿಯೇ ಇರಲಿಲ್ಲ.

ಮೂರನೆಯವು ಕಲ್ಪನೆ. ಗಾಲರ ರೆಕ್ಕೆಯ ಶಿರಸ್ತ್ರಾಣವನ್ನು ಜನಪ್ರಿಯ ಮಾಡಿದ್ದು 19ನೇ ಶತಮಾನದ ಚಿತ್ರಕಾರರು ಮತ್ತು ಶಿಲ್ಪಿಗಳು. ದಿನಾ ಕಾಡುಹಂದಿ ತಿನ್ನುವುದೂ ಹಾಗೆಯೇ. ಗಾಲರ ಊರುಗಳ ಅಗೆತದಲ್ಲಿ ಸಿಗುವ ಮೂಳೆಗಳು ಬಹುಪಾಲು ಸಾಕಿದ ಹಂದಿ, ದನ, ಕುರಿಗಳವು. ಬೇಟೆಯ ಪ್ರಾಣಿಗಳದ್ದು ತೀರ ಕಮ್ಮಿ.

ತಪ್ಪು ಸಿಕ್ಕಿತು ಅಂತ ಪುಸ್ತಕದ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಬದಲಿಗೆ ಇನ್ನೊಂದು ಪ್ರಶ್ನೆ ಕೇಳಿ: ಈ ತಪ್ಪು ಚಿತ್ರ ಜನರ ತಲೆಗೆ ಎಲ್ಲಿಂದ ಬಂತು? ಬಹಳ ಸಲ ಉತ್ತರ ಶಾಲೆಯ ಗೋಡೆಯಲ್ಲೇ ಸಿಗುತ್ತದೆ. ಮೊದಲ ಪುಸ್ತಕದ ಆರಂಭದಲ್ಲಿ ಗಾಲರ ನಾಯಕ ವೆರ್ಸಿಂಜೆಟೋರಿಕ್ಸ್ ಆಯುಧಗಳನ್ನು ಸೀಸರನ ಮುಂದೆ ಎಸೆಯುತ್ತಾನೆ. ಅವು ನೇರವಾಗಿ ಸೀಸರನ ಪಾದದ ಮೇಲೆಯೇ ಬೀಳುತ್ತವೆ, ಸೀಸರ್ ಅರಚುತ್ತಾನೆ. ಈ ಶರಣಾಗತಿ ಕ್ರಿ.ಪೂ. 52ರಲ್ಲಿ ಅಲೇಸಿಯಾದಲ್ಲಿ ನಡೆದದ್ದು. ಲಿಯೊನೆಲ್ ರೊಯೆ ಎಂಬ ಚಿತ್ರಕಾರ 1899ರಲ್ಲಿ ಇದನ್ನು ಭಾರೀ ಗಂಭೀರವಾಗಿ ಬರೆದಿದ್ದ. ಬಿಳಿ ಕುದುರೆಯ ಮೇಲೆ ತಲೆ ಎತ್ತಿ ಕುಳಿತ ವೀರ, ಎದುರಿಗೆ ಸೀಸರ್. ಫ್ರೆಂಚ್ ಮಕ್ಕಳು ಪಠ್ಯಪುಸ್ತಕಗಳಲ್ಲಿ ನೋಡುತ್ತಾ ಬೆಳೆದ ವೀರಗಾಥೆಯನ್ನು ಕಾಮಿಕ್ಸ್ ಕೆಣಕುತ್ತಿದೆ. ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುವ ಪ್ರಕಾರ ವೆರ್ಸಿಂಜೆಟೋರಿಕ್ಸ್ ಕವಚ ಕಳಚಿ ಸೀಸರನ ಕಾಲ ಬಳಿ ಸುಮ್ಮನೆ ಕೂತ. ಆರು ವರ್ಷ ಸೆರೆಯಲ್ಲಿಟ್ಟು, ಕ್ರಿ.ಪೂ. 46ರ ವಿಜಯ ಮೆರವಣಿಗೆಯ ನಂತರ ಅವನನ್ನು ಕೊಲ್ಲಿಸಲಾಯಿತು. ಇದನ್ನು ತಿಳಿದ ಮೇಲೆ ಆ ಒಂದು ಚೌಕಟ್ಟು ಬೇರೆಯೇ ತೂಕ ಪಡೆಯುತ್ತದೆ. ಸೋತವರ ಕಡೆಯಿಂದ ಒಂದು ಸಣ್ಣ ಸೇಡು ತೀರಿತು ಅನ್ನಿಸುತ್ತದೆ.

1968ರ ಇನ್ನೊಂದು ಕಥೆಯಲ್ಲಿ ಅಲೇಸಿಯಾ ಅಂದ ತಕ್ಷಣ ಗಾಲರು ಸಿಟ್ಟಾಗುತ್ತಾರೆ, 'ಅದು ಎಲ್ಲಿದೆ ಅಂತ ನಮಗೆ ಗೊತ್ತೇ ಇಲ್ಲ' ಎನ್ನುತ್ತಾರೆ. ಗೆದ್ದ ಊರಿನ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ಅಲೇಸಿಯಾ ನಿಜವಾಗಿ ಎಲ್ಲಿತ್ತು ಅಂತ ವಿದ್ವಾಂಸರೂ ದಶಕಗಟ್ಟಲೆ ಜಗಳವಾಡಿದ್ದಾರೆ. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ 1861ರಿಂದ ಅಗೆಸಿದ ಅಲೀಸ್-ಸೇಂತ್-ರೇನ್ ಎಂಬ ಜಾಗವನ್ನು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಅಲ್ಲಿ 2012ರಲ್ಲಿ ಒಂದು ವಸ್ತುಸಂಗ್ರಹಾಲಯವೂ ತೆರೆದಿದೆ.

ಹಂತ 7: ಹೆಸರುಗಳನ್ನು ಜೋರಾಗಿ ಓದುವುದು

ಗಾಲರ ಹೆಸರು 'ಇಕ್ಸ್' ಎಂದು ಮುಗಿಯುತ್ತದೆ, ರೋಮನ್ನರದು 'ಅಸ್', ಈಜಿಪ್ಟಿನವರದು 'ಇಸ್'. ವೆರ್ಸಿಂಜೆಟೋರಿಕ್ಸ್, ಡುಮ್ನೋರಿಕ್ಸ್ ಅಂತ ನಿಜವಾದ ಗಾಲರಿದ್ದರು. ಅವರ ಭಾಷೆಯಲ್ಲಿ 'ರಿಕ್ಸ್' ಅಂದರೆ ರಾಜ. ಕಥೆಯಲ್ಲಿ ಮಾತ್ರ ಮೀನು ಮಾರುವವನೂ ಅದೇ ಠೀವಿಯ ಹೆಸರು ಹೊತ್ತಿದ್ದಾನೆ. ಹೆಸರನ್ನು ಕಣ್ಣಿನಲ್ಲಿ ಓದಿದರೆ ಅದರೊಳಗಿನ ಮಾತು ಸಿಗುವುದಿಲ್ಲ, ಬಾಯಿ ಬಿಟ್ಟು ಹೇಳಬೇಕು. ಇಂಗ್ಲಿಷ್‌ಗೆ ತಂದ ಆಂತಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಬಹುತೇಕ ಎಲ್ಲ ಹೆಸರನ್ನೂ ಹೊಸದಾಗಿ ಕಟ್ಟಿದರು. ಪುಸ್ತಕ ಇಂಗ್ಲಿಷ್‌ನಲ್ಲೂ ಇಷ್ಟು ಓಡಲು ಅವರ ಪಾಲು ದೊಡ್ಡದು.

ಹಂತ 8: ಮಕ್ಕಳ ಜೊತೆ ಓದುವಾಗ

ಮಕ್ಕಳಿಗೆ ಚರಿತ್ರೆ ಹೇಳಿಕೊಡಲು ಈ ಪುಸ್ತಕ ಹಿಡಿಯಬೇಡಿ. ಮೊದಲು ನಗಲಿ. ಎಂಟು ಹತ್ತು ವರ್ಷದ ಮಗು ತಾನಾಗಿಯೇ 'ಇದು ನಿಜವಾ?' ಅಂತ ಕೇಳುತ್ತದೆ. ಆಗ ಆಕಾಶ ಬೀಳುವ ಕಥೆ ಹೇಳಿ, ಅಲೆಕ್ಸಾಂಡರ್ ಹೆಸರು ಅದರ ಜೊತೆಗೇ ಒಳಗೆ ಹೋಗುತ್ತದೆ.

ಒಂದು ವಿಷಯವನ್ನು ಮಾತ್ರ ಮುಚ್ಚಿಡಬಾರದು. ಕಡಲುಗಳ್ಳರ ಹಡಗಿನ ಕಪ್ಪು ಕಾವಲುಗಾರನನ್ನು ದಪ್ಪ ತುಟಿ, ತೊದಲು ಮಾತಿನ ಅಣಕು ಚಿತ್ರವಾಗಿ ಬಿಡಿಸಲಾಗಿದೆ. ಆ ಕಾಲದ ಯುರೋಪಿನ ಕಾಮಿಕ್ಸ್‌ಗಳಲ್ಲಿ ಇದು ಸಾಮಾನ್ಯವಾಗಿತ್ತು ಅನ್ನುವುದು ಕಾರಣ ಆಗಬಹುದು, ಸಮರ್ಥನೆ ಆಗಲಾರದು. ಹೆಂಗಸರೂ ಬಹಳ ಕಥೆಗಳಲ್ಲಿ ಗೊಣಗುವ ಹೆಂಡತಿ ಇಲ್ಲವೇ ಕಣ್ಸೆಳೆಯುವ ಸುಂದರಿ, ಇಷ್ಟಕ್ಕೇ ಸೀಮಿತ. ಪುಟ ಹಾರಿಸುವುದಕ್ಕಿಂತ 'ಇವನನ್ನು ಯಾಕೆ ಹೀಗೆ ಬಿಡಿಸಿದ್ದಾರೆ?' ಅಂತ ಮಗುವಿಗೇ ಕೇಳುವುದು ಒಳ್ಳೆಯದು. ಇಂಗ್ಲಿಷರು, ಜರ್ಮನ್ನರು, ಸ್ಪೇನಿನವರ ಬಗ್ಗೆ ಮಾಡುವ ತಮಾಷೆ ಬೇರೆ ಬಗೆಯದು. ಅದರಲ್ಲಿ ಎಲ್ಲರಿಗೂ ಪಾಲು ಸಿಗುತ್ತದೆ. ಎಲ್ಲಕ್ಕಿಂತ ದೊಡ್ಡ ಪಾಲು ಆ ಹಳ್ಳಿಯವರಿಗೇ, ಅಂದರೆ ಫ್ರೆಂಚರಿಗೇ.

ಹಂತ 9: ಬೇರೆ ಪುಸ್ತಕಗಳಿಗೆ ದಾಟುವುದು

ಆಸ್ಟೆರಿಕ್ಸ್ ಕೈಗೆ ಹತ್ತಿದ ಮೇಲೆ ಜಪಾನಿನ ಮಾರಿ ಯಮಜಾಕಿ ಅವರ 'ಥರ್ಮೆ ರೋಮೆ' ಓದಿ. 2008ರಿಂದ 2013ರವರೆಗೆ ಬಂದದ್ದು, ಆರು ಸಂಪುಟ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಸ್ನಾನಗೃಹ ಕಟ್ಟುವ ಲೂಸಿಯಸ್ ಎಂಬ ವಾಸ್ತುಶಿಲ್ಪಿಗೆ ಹೊಸ ಐಡಿಯಾ ಬತ್ತಿಹೋಗಿದೆ. ನೀರಲ್ಲಿ ಮುಳುಗಿದವನು ಈಗಿನ ಜಪಾನಿನ ಸಾರ್ವಜನಿಕ ಸ್ನಾನಗೃಹದಲ್ಲಿ ಏಳುತ್ತಾನೆ. ಅಲ್ಲಿ ಕಂಡದ್ದನ್ನು ರೋಮ್‌ಗೆ ಹೋಗಿ ಕಟ್ಟುತ್ತಾನೆ. ಇಲ್ಲಿ ಐದನೇ ಹಂತದ ಹಾಳೆಯನ್ನು ತಿರುಗಿಸಿಕೊಳ್ಳಿ. ಹಳೆಯ ಕಾಲದವನೇ ನಮ್ಮ ಕಾಲಕ್ಕೆ ಬಂದು ಬೆರಗಾಗುತ್ತಾನೆ. ಪ್ಲಾಸ್ಟಿಕ್ ಬುಟ್ಟಿ, ಗಾಜಿನ ಬಾಟಲಿಯ ತಣ್ಣನೆ ಹಾಲು ಅವನಿಗೆ ಅದ್ಭುತ. ಲೂಸಿಯಸ್ ಒಂದು ಕ್ಷಣವೂ ನಗುವುದಿಲ್ಲ, ಅವನಿಗೆ ಎಲ್ಲವೂ ವೃತ್ತಿಯ ಪ್ರಶ್ನೆ. ಆ ಗಂಭೀರ ಮುಖವೇ ನಗೆಯ ಬೇರು. ಸ್ನಾನದ ಕಥೆಯಾದ್ದರಿಂದ ಬೆತ್ತಲೆ ಮೈಗಳು ಇವೆ, ದೊಡ್ಡವರಿಗೆ ಸರಿ. ಜಪಾನೀ ಕಾಮಿಕ್ಸ್ ಬಲದಿಂದ ಎಡಕ್ಕೆ ಓದಬೇಕು ಅನ್ನುವುದೂ ನೆನಪಿರಲಿ.

ಇತಿಹಾಸದ ಓಟವೇ ಬೇಕು ಅನ್ನುವವರಿಗೆ ಲ್ಯಾರಿ ಗೊನಿಕ್ ಅವರ 'ಕಾರ್ಟೂನ್ ಹಿಸ್ಟರಿ ಆಫ್ ದಿ ಯೂನಿವರ್ಸ್' ಇದೆ. ಅದರ ಮೊದಲ ಸಂಪುಟ ವಿಶ್ವದ ಹುಟ್ಟಿನಿಂದ ಅಲೆಕ್ಸಾಂಡರ್‌ವರೆಗೆ ಬರುತ್ತದೆ. ಅದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಓದಬೇಕು, ಒಂದೇ ಸಲಕ್ಕೆ ತುಂಬ ಭಾರ. ಗುಹೆಯ ಕಾಲ ಇಷ್ಟವಾದರೆ ಜಾನಿ ಹಾರ್ಟ್ 1958ರಲ್ಲಿ ಶುರು ಮಾಡಿದ 'ಬಿ.ಸಿ.' ಎಂಬ, ದಿನಪತ್ರಿಕೆಗಳಲ್ಲಿ ಬರುವ ಕಿರು ಕಾಮಿಕ್ಸ್ ನೋಡಿ. ಅಲ್ಲಿ ಹಿನ್ನೆಲೆಯ ಶ್ರದ್ಧೆ ಕಮ್ಮಿ, ಮೂರು ನಾಲ್ಕು ಚೌಕಟ್ಟಿನ ಚುರುಕು ಜಾಸ್ತಿ.

ಇನ್ನೂ ಹಿಂದಕ್ಕೆ ಹೋಗುವ ಆಸೆಯಿದ್ದರೆ ಕ್ರಿ.ಶ. ಎರಡನೇ ಶತಮಾನದ ಗ್ರೀಕ್ ಲೇಖಕ ಲೂಸಿಯನ್ ಬರೆದ 'ದೇವತೆಗಳ ಸಂಭಾಷಣೆ' ಹುಡುಕಿ. ಹಳೆಯ ಇಂಗ್ಲಿಷ್ ಅನುವಾದಗಳು ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒಂದರಲ್ಲಿ ದೇವದೂತ ಹರ್ಮಿಸ್ ತನ್ನ ತಾಯಿ ಮಾಯಾಳ ಹತ್ತಿರ ದೂರು ಹೇಳುತ್ತಾನೆ: ಬೆಳಗಾಗುತ್ತಲೇ ಗುಡಿಸಬೇಕು, ಹಾಸಿಗೆ ಸರಿ ಮಾಡಬೇಕು, ಆಮೇಲೆ ದೇವತೆಗಳ ರಾಜ ಜ್ಯೂಸ್‌ನ ಸಂದೇಶ ಹೊತ್ತು ಓಡಬೇಕು, ರಾತ್ರಿಯೂ ಸತ್ತವರನ್ನು ಪಾತಾಳಕ್ಕೆ ಬಿಟ್ಟುಬರುವ ಕೆಲಸ. ಒಂದೊಂದು ಸಂಭಾಷಣೆ ಒಂದೆರಡು ಪುಟ, ಅಷ್ಟೇ. ಚಿತ್ರವನ್ನು ಮಾತ್ರ ನೀವೇ ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕು.